ಸಿಎಫ್‌ಎಂ, ಎಲ್‌ಪಿಎಂ, ಎನ್‌ಎಂ ಕ್ಯೂಬ್: ನಮ್ಮೂರಿನ ಎತ್ತರದಲ್ಲಿ ಗ್ಯಾಸ್ ಹರಿವಿನ ಲೆಕ್ಕ

ಮಂಡ್ಯ, ಮದ್ದೂರು ಕಡೆಯ ರೈಸ್ ಮಿಲ್‌ನವರು ಕೇಳುವುದು ಹೀಗೆ: "ಕಲರ್ ಸಾರ್ಟರ್‌ನವರು ಗಾಳಿಯನ್ನ ಎಲ್‌ಪಿಎಂನಲ್ಲಿ ಕೇಳ್ತಾರೆ, ಕಂಪ್ರೆಸರ್‌ನವರು ಸಿಎಫ್‌ಎಂನಲ್ಲಿ ಕೊಡ್ತಾರೆ. ಯಾವುದನ್ನ ಯಾವುದಕ್ಕೆ ಹೊಂದಿಸೋದು?" (ಕಲರ್ ಸಾರ್ಟರ್ ಎಂದರೆ ಬಣ್ಣ ಕೆಟ್ಟ ಕಾಳನ್ನು ಗಾಳಿಯಿಂದ ಹೊಡೆದು ಬೇರೆ ಮಾಡುವ ಯಂತ್ರ.) ನಮ್ಮ ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ವರ್ಕ್‌ಶಾಪ್‌ಗಳಿಂದ ಬರುವ ಪ್ರಶ್ನೆ ಎನ್‌ಎಂ ಕ್ಯೂಬ್ ಬಗ್ಗೆ. ಮನೆಗೆ ಪೈಪ್ ಗ್ಯಾಸ್ ಹಾಕಿಸಿಕೊಂಡವರದು ಎಸ್‌ಸಿಎಂ ಬಗ್ಗೆ. ಇವೆಲ್ಲ ಗ್ಯಾಸ್ ಅಳೆಯುವ ಯೂನಿಟ್‌ಗಳು, ಅರ್ಥ ಒಂದನೇ ಭಾಗದಲ್ಲಿದೆ. ಮೂವರ ಗೊಂದಲದ ಬೇರು ಒಂದೇ. ಅದಕ್ಕೇ ಒಟ್ಟಿಗೆ ಬರೆದಿದ್ದೇನೆ.

ಫೋನಿನಲ್ಲಿ ಹುಡುಕಿದರೆ ತಕ್ಷಣ ಉತ್ತರ ಸಿಗುತ್ತದೆ, ಅಲ್ವಾ? ಸಿಗುತ್ತದೆ. ಆದರೆ ಅದು ಘನ ಅಡಿಯನ್ನು ಲೀಟರಿಗೆ ಬದಲಾಯಿಸಿ ಕೊಡುತ್ತದೆ, ಅಷ್ಟೇ. ನಿಮ್ಮ ಗ್ಯಾಸ್ ಎಷ್ಟು ಪ್ರೆಷರ್‌ನಲ್ಲಿದೆ, ಎಷ್ಟು ಬಿಸಿ ಇದೆ, ಊರು ಎಷ್ಟು ಎತ್ತರದಲ್ಲಿದೆ ಎಂದು ಅದು ಕೇಳುವುದಿಲ್ಲ. ನೀರಿಗಾದರೆ ಇದೆಲ್ಲ ಬೇಕಿಲ್ಲ. ಗ್ಯಾಸಿಗೆ ಬೇಕೇ ಬೇಕು.

ಕೈಗೆ ಇಟ್ಟುಕೊಳ್ಳಬೇಕಾದವು: ಒಂದು ಕ್ಯಾಲ್ಕುಲೇಟರ್, ಯಂತ್ರದ ನೇಮ್ ಪ್ಲೇಟಿನ ಫೋಟೋ, ಲೈನಿನ ಪ್ರೆಷರ್ ಗೇಜ್ ಎಷ್ಟು ತೋರಿಸುತ್ತಿದೆ ಎಂಬ ಅಂಕಿ, ಮತ್ತು ಗ್ಯಾಸಿನ ಟೆಂಪರೇಚರ್. ಥರ್ಮಾಮೀಟರ್ ಇಲ್ಲದಿದ್ದರೆ ಕೋಣೆಯ ಶಾಖವನ್ನೇ ಹಿಡಿಯಿರಿ. ಐದು ಡಿಗ್ರಿ ಹೆಚ್ಚುಕಮ್ಮಿಯಾದರೆ ಲೆಕ್ಕ ಶೇಕಡಾ ಎರಡಕ್ಕಿಂತ ಜಾಸ್ತಿ ಕೆಡುವುದಿಲ್ಲ.

1. ಮೊದಲು ಯೂನಿಟ್ ಯಾವ ಗುಂಪಿನದು ನೋಡಿ

ಗ್ಯಾಸ್ ಹರಿವನ್ನು ಮೂರು ಥರ ಹೇಳುತ್ತಾರೆ.

ಒಂದು, ಇದ್ದಹಾಗೆ ಅಳೆದ ಜಾಗ. ಪೈಪಿನಲ್ಲಿ ಈಗಿರುವ ಪ್ರೆಷರ್‌ನಲ್ಲಿ, ಈಗಿರುವ ಶಾಖದಲ್ಲಿ ಎಷ್ಟು ಲೀಟರ್ ಹೋಯಿತು ಎಂಬುದು. ಸುಮ್ನೆ ಎಲ್‌ಪಿಎಂ (ನಿಮಿಷಕ್ಕೆ ಲೀಟರ್), ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ), ಗಂಟೆಗೆ ಎಂ ಕ್ಯೂಬ್ (ಘನ ಮೀಟರ್) ಎಂದಿದ್ದರೆ ಸಾಮಾನ್ಯವಾಗಿ ಇದೇ. ಮುಂದೆ 'ಎ' ಅಕ್ಷರ ಸೇರಿಸಿ ಎಸಿಎಫ್‌ಎಂ ಎಂದೂ ಬರೆಯುತ್ತಾರೆ.

ಎರಡು, ಗೊತ್ತುಪಡಿಸಿದ ಪ್ರೆಷರ್ ಮತ್ತು ಶಾಖಕ್ಕೆ ಇಳಿಸಿ ಹೇಳಿದ ಜಾಗ. ಎನ್‌ಎಂ ಕ್ಯೂಬ್, ಎಸ್‌ಸಿಎಂ, ಎಸ್‌ಸಿಎಫ್‌ಎಂ, ಎನ್‌ಎಲ್‌ಪಿಎಂ ಇವೆಲ್ಲ ಈ ಗುಂಪು. 'ಎನ್' ಎಂದರೆ ನಾರ್ಮಲ್, 'ಎಸ್' ಎಂದರೆ ಸ್ಟ್ಯಾಂಡರ್ಡ್, 'ಸಿಎಂ' ಎಂದರೆ ಘನ ಮೀಟರ್.

ಮೂರು, ತೂಕ. ಗಂಟೆಗೆ ಇಷ್ಟು ಕೆಜಿ. ಇದಕ್ಕೆ ಪ್ರೆಷರ್, ಶಾಖ ಯಾವುದರ ಹಂಗೂ ಇಲ್ಲ.

ಬೆಳಿಗ್ಗೆ ಎಂಟರ ಹೊತ್ತಿಗೆ ಮಂಡ್ಯದಿಂದ ಮೈಸೂರಿಗೆ ಬರುವ ಬಸ್ಸೂ ಮಧ್ಯಾಹ್ನ ಎರಡರ ಬಸ್ಸೂ ಅಳತೆಯಲ್ಲಿ ಒಂದೇ. ಒಳಗಿರುವ ಜನ ಒಂದೇ ಅಲ್ಲ. ಮೊದಲನೇ ಗುಂಪಿನ ಯೂನಿಟ್ ಬಸ್ಸುಗಳನ್ನು ಎಣಿಸುತ್ತದೆ, ಎರಡನೆಯದೂ ಮೂರನೆಯದೂ ಜನರನ್ನು ಎಣಿಸುತ್ತವೆ. ಗುಂಪಿನ ಒಳಗೇ ಬದಲಾಯಿಸುವುದು ಬರೀ ಗುಣಾಕಾರ. ಮೊದಲನೇ ಗುಂಪಿನಿಂದ ಹೊರಗೆ ದಾಟುವಾಗ, ಅದರೊಳಗೆ ಬರುವಾಗ ಪ್ರೆಷರ್ ಮತ್ತು ಶಾಖ ಬೇಕು.

2. ಗುಂಪಿನ ಒಳಗಿನ ಲೆಕ್ಕ

ಇವಿಷ್ಟನ್ನು ಬರೆದು ಗೋಡೆಗೆ ಅಂಟಿಸಿಕೊಂಡರೆ ಸಾಕು:

1 ಘನ ಮೀಟರ್ = 1,000 ಲೀಟರ್ = 35.31 ಘನ ಅಡಿ
1 ಸಿಎಫ್‌ಎಂ = 28.32 ಎಲ್‌ಪಿಎಂ = ಗಂಟೆಗೆ 1.699 ಘನ ಮೀಟರ್
ಗಂಟೆಗೆ 1 ಘನ ಮೀಟರ್ = 16.67 ಎಲ್‌ಪಿಎಂ = 0.589 ಸಿಎಫ್‌ಎಂ

ಇಲ್ಲಿ ಎಡವುವುದು ಗಂಟೆ, ನಿಮಿಷ, ದಿನದ ನಡುವೆ. ಉದಾಹರಣೆಗೆ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಪ್ಲಾಂಟ್ ಎಂದರೆ ದಿನಕ್ಕೆ ಎರಡು ಘನ ಮೀಟರ್. ಒಲೆಯ ಬರ್ನರ್ ಮೇಲೆ 450 ಲೀಟರ್ ಎಂದಿದ್ದರೆ ಅದು ಗಂಟೆಗೆ. 2,000 ಲೀಟರನ್ನು 450ರಿಂದ ಭಾಗಿಸಿದರೆ ಒಂದು ಒಲೆ ದಿನಕ್ಕೆ ಸುಮಾರು ನಾಲ್ಕೂವರೆ ಗಂಟೆ ಉರಿಯುತ್ತದೆ.

ಪೇಪರಿನಲ್ಲಿ ಬರುವ ಎಂಎಂಎಸ್‌ಸಿಎಂಡಿ ಕೂಡ ಹೀಗೇ ಬಿಡಿಸಿಕೊಳ್ಳುವಂಥದ್ದು: ದಿನಕ್ಕೆ ಇಷ್ಟು ಹತ್ತು ಲಕ್ಷ ಸ್ಟ್ಯಾಂಡರ್ಡ್ ಘನ ಮೀಟರ್. ಎರಡು 'ಎಂ' ಸೇರಿದರೆ ಹತ್ತು ಲಕ್ಷ. ಗ್ಯಾಸ್ ವ್ಯವಹಾರದಲ್ಲಿ ಒಂದೇ 'ಎಂ' ಸಾವಿರವನ್ನೂ ಹೇಳುತ್ತದೆ, ಮೀಟರನ್ನೂ ಹೇಳುತ್ತದೆ. ಯಾರು ಶುರು ಮಾಡಿದರೋ, ನಮ್ಮ ಕಷ್ಟ ಅವರಿಗೆ ಗೊತ್ತಿರಲಿಲ್ಲ.

3. "ಏಳು ಕೆಜಿ ಪ್ರೆಷರ್" ಅನ್ನು ಅಬ್ಸಲ್ಯೂಟ್ ಮಾಡಿ

ಜಾಸ್ತಿ ಜನ ತಪ್ಪುವ ಜಾಗ ಇದು. ನಿಧಾನವಾಗಿ ಓದಿ.

ನಮ್ಮ ವರ್ಕ್‌ಶಾಪ್‌ಗಳಲ್ಲಿ "ಲೈನ್‌ನಲ್ಲಿ ಏಳು ಕೆಜಿ ಇದೆ" ಎಂದರೆ ಚದರ ಸೆಂಟಿಮೀಟರಿಗೆ ಏಳು ಕೆಜಿ ಎಂದರ್ಥ. ಒಂದು ಕೆಜಿ ಎಂದರೆ 0.981 ಬಾರ್. ಹಾಗಾಗಿ ಏಳು ಕೆಜಿ 6.86 ಬಾರ್ ಆಗುತ್ತದೆ, ಪಿಎಸ್‌ಐನಲ್ಲಿ ಸುಮಾರು ನೂರು.

ಆದರೆ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಇದೆ ಎಂಬುದನ್ನು ಮಾತ್ರ. ಮುಳ್ಳು ಸೊನ್ನೆಯಲ್ಲಿ ನಿಂತಿದ್ದರೂ ಪೈಪಿನೊಳಗೆ ಹೊರಗಿನಷ್ಟೇ ಗಾಳಿ ಇದ್ದೇ ಇರುತ್ತದೆ. ಲೆಕ್ಕಕ್ಕೆ ಬೇಕಾಗಿರುವುದು ಅಬ್ಸಲ್ಯೂಟ್ ಪ್ರೆಷರ್: ಗೇಜ್ ತೋರಿಸಿದ್ದು ಮತ್ತು ಹೊರಗಿನ ವಾತಾವರಣದ ಪ್ರೆಷರ್, ಎರಡೂ ಸೇರಿ.

ಪುಸ್ತಕಗಳಲ್ಲಿ ವಾತಾವರಣದ ಪ್ರೆಷರ್ 1.013 ಬಾರ್ ಎಂದು ಕೊಟ್ಟಿರುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಮಂಗಳೂರಿಗೆ ಸರಿ, ನಮಗೆ ಅಲ್ಲ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇಲ್ಲಿ ವಾತಾವರಣದ ಪ್ರೆಷರ್ ಹತ್ತಿರ ಹತ್ತಿರ 0.925 ಬಾರ್. ಮಂಡ್ಯ ಸುಮಾರು 680 ಮೀಟರ್. ಅಲ್ಲಿ 0.935 ಬಾರ್.

ಹವಾಮಾನದ ಆ್ಯಪ್ ನೋಡಿ ಈ ಅಂಕಿ ಹಿಡಿಯಲು ಹೋಗಬೇಡಿ. ಮೈಸೂರಿಗೂ ಅದು 1,010 ಮಿಲಿಬಾರ್‌ನಷ್ಟು ತೋರಿಸುತ್ತಿರುತ್ತದೆ, ಏಕೆಂದರೆ ಹವಾಮಾನದವರು ಎಲ್ಲ ಊರುಗಳನ್ನೂ ಹೋಲಿಸಲು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ನಿಮಗೆ ಬೇಕಾಗಿರುವುದು ನಿಮ್ಮ ಶೆಡ್ಡಿನೊಳಗೆ ನಿಜವಾಗಿ ಇರುವ ಪ್ರೆಷರ್.

ಹಾಗಾದರೆ ಮೈಸೂರಿನ ಏಳು ಕೆಜಿ = 6.86 + 0.925 = 7.79 ಬಾರ್ ಅಬ್ಸಲ್ಯೂಟ್.

4. ಶಾಖಕ್ಕೆ 273 ಸೇರಿಸಿ

ಡಿಗ್ರಿ ಸೆಲ್ಸಿಯಸ್‌ಗೆ 273 ಕೂಡಿದರೆ ಕೆಲ್ವಿನ್. 30 ಡಿಗ್ರಿ ಎಂದರೆ 303. ಇಷ್ಟೇ. ಸೆಲ್ಸಿಯಸ್ ಅಂಕಿಯನ್ನೇ ನೇರವಾಗಿ ಸೂತ್ರಕ್ಕೆ ಹಾಕಿದರೆ ಉತ್ತರ ಎಲ್ಲಿಗೋ ಹೋಗುತ್ತದೆ.

5. ಗುಂಪು ದಾಟುವ ಸೂತ್ರ

ನಾರ್ಮಲ್ ಎಂದರೆ 0 ಡಿಗ್ರಿ ಸೆಲ್ಸಿಯಸ್, 1.013 ಬಾರ್. ಇದ್ದಹಾಗೆ ಅಳೆದ ಹರಿವಿನಿಂದ ಅಲ್ಲಿಗೆ ಹೋಗಲು:

ನಾರ್ಮಲ್ ಹರಿವು = ಮೀಟರ್ ತೋರಿಸಿದ ಹರಿವು × (ಅಬ್ಸಲ್ಯೂಟ್ ಪ್ರೆಷರ್ ÷ 1.013) × (273 ÷ ಕೆಲ್ವಿನ್ ಶಾಖ)

ಇಲ್ಲಿ 1.013 ಬಾರ್ ಬಂದದ್ದು ಏಕೆ, ನಮ್ಮದು 0.925 ಅಲ್ವಾ ಎಂದು ಕೆಲವರು ಕೇಳುತ್ತಾರೆ. ಕೆಳಗಿರುವ 1.013 ನಾರ್ಮಲ್‌ನ ವ್ಯಾಖ್ಯೆಗೆ ಸೇರಿದ್ದು. ಅದು ಊರೂರಿಗೆ ಬದಲಾಗುವುದಿಲ್ಲ. ಊರಿನ ಪ್ರೆಷರ್ ಬರುವುದು ಮೇಲಿನ ಅಬ್ಸಲ್ಯೂಟ್ ಪ್ರೆಷರ್ ಒಳಗೆ ಮಾತ್ರ.

ಒಂದು ಲೆಕ್ಕ ಮಾಡೋಣ. ಮೈಸೂರಿನ ಒಂದು ಶೆಡ್. ಏಳು ಕೆಜಿ ಗಾಳಿಯ ಲೈನಿಗೆ ಟರ್ಬೈನ್ ಮೀಟರ್ ಹಾಕಿದ್ದಾರೆ, ಅಂದರೆ ಒಳಗಿನ ರೆಕ್ಕೆ ತಿರುಗುವುದನ್ನು ಎಣಿಸಿ ಹರಿವು ಹೇಳುವ ಮೀಟರ್. ಅದು ಗಂಟೆಗೆ 50 ಘನ ಮೀಟರ್ ತೋರಿಸುತ್ತಿದೆ. ಗಾಳಿ 40 ಡಿಗ್ರಿ ಇದೆ.

ಪ್ರೆಷರ್ ಭಾಗ: 7.79 ÷ 1.013 = 7.69
ಶಾಖದ ಭಾಗ: 273 ÷ 313 = 0.872
50 × 7.69 × 0.872 = ಗಂಟೆಗೆ ಸುಮಾರು 335 ಎನ್‌ಎಂ ಕ್ಯೂಬ್

ಹೊರಗಿನ ಪ್ರೆಷರ್ ಸೇರಿಸುವುದನ್ನು ಮರೆತು ಬರೀ 6.86 ಹಾಕಿದ್ದರೆ 295 ಬರುತ್ತಿತ್ತು, ಶೇಕಡಾ 12ರಷ್ಟು ಕಡಿಮೆ. ಶಾಖವನ್ನು ಬಿಟ್ಟಿದ್ದರೆ 384 ಬರುತ್ತಿತ್ತು. ಯೂನಿಟನ್ನೇ ಗಮನಿಸದೆ ಮೀಟರಿನ 50 ಅನ್ನು ನಾರ್ಮಲ್ ಎಂದುಕೊಂಡರೆ? ಆರೂ ಮುಕ್ಕಾಲು ಪಟ್ಟು ವ್ಯತ್ಯಾಸ.

ಈ ಸೂತ್ರ ಕಂಪ್ರೆಸರ್ ಲೈನ್, ಪೈಪ್ ಗ್ಯಾಸ್‌ನಂಥ ಕಡಿಮೆ ಪ್ರೆಷರ್‌ಗೆ ಚೆನ್ನಾಗಿ ನಡೆಯುತ್ತದೆ. 200 ಬಾರ್‌ನ ಸಿಎನ್‌ಜಿ ಟ್ಯಾಂಕಿಗೆ ಹಾಕಬೇಡಿ. ಅಷ್ಟು ಒತ್ತಡದಲ್ಲಿ ಮೀಥೇನ್ ಸೂತ್ರ ಹೇಳುವುದಕ್ಕಿಂತ ಸುಮಾರು ಐದನೇ ಒಂದು ಭಾಗ ಜಾಸ್ತಿ ಹಿಡಿಯುತ್ತದೆ.

6. ಕಂಪ್ರೆಸರ್ ಕೊಳ್ಳುವವರು ಇಲ್ಲಿ ನಿಲ್ಲಿ

ಕಂಪ್ರೆಸರಿನ ಸಿಎಫ್‌ಎಂ ಎಂದರೆ ಔಟ್‌ಲೆಟ್ ಪೈಪಿನಲ್ಲಿ ಹರಿಯುವ ಗಾಳಿಯ ಅಳತೆ ಅಲ್ಲ. ಅದು ಎಫ್‌ಎಡಿ, ಅಂದರೆ ಫ್ರೀ ಏರ್ ಡೆಲಿವರಿ: ಯಂತ್ರ ಕೊಟ್ಟ ಗಾಳಿಯನ್ನು ಅದು ಒಳಗೆ ಎಳೆದುಕೊಂಡಾಗ ಇದ್ದ ಪ್ರೆಷರ್ ಮತ್ತು ಶಾಖಕ್ಕೆ ಇಳಿಸಿ ಹೇಳಿದ ಅಂಕಿ. ಪಿಸ್ಟನ್ ಕಂಪ್ರೆಸರ್‌ಗಳ ಮೇಲೆ 'ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್' ಎಂಬ ಇನ್ನೊಂದು ಸಿಎಫ್‌ಎಂ ದಪ್ಪ ಅಕ್ಷರದಲ್ಲಿರುತ್ತದೆ. ಅದು ಸಿಲಿಂಡರಿನ ಗಾತ್ರ ಮತ್ತು ಸುತ್ತುಗಳ ಗುಣಾಕಾರ ಅಷ್ಟೇ. ಕೈಗೆ ಸಿಗುವ ಗಾಳಿ ಅದಕ್ಕಿಂತ ಎಷ್ಟೋ ಕಡಿಮೆ. ಅಂಗಡಿಯವರು ಯಾವುದನ್ನು ಹೇಳುತ್ತಿದ್ದಾರೆ ಎಂದು ಕೇಳಿಯೇ ಮುಂದುವರಿಯಿರಿ.

ಕಂಪ್ರೆಸರ್ ನುಂಗುವುದು ಜಾಗದ ಲೆಕ್ಕದಲ್ಲಿ. ಮಂಗಳೂರಾದರೂ ಮೈಸೂರಾದರೂ ಹೆಚ್ಚುಕಮ್ಮಿ ಅದೇ ಸಿಎಫ್‌ಎಂ ನುಂಗುತ್ತದೆ. ಆದರೆ ನಮ್ಮ ಗಾಳಿ ತೆಳು. ಮೈಸೂರಿನಲ್ಲಿ 30 ಡಿಗ್ರಿ ಇರುವಾಗ 100 ಘನ ಮೀಟರ್ ನುಂಗಿದರೆ ನಾರ್ಮಲ್ ಲೆಕ್ಕದಲ್ಲಿ ಒಳಗೆ ಹೋದದ್ದು:

100 × (0.925 ÷ 1.013) × (273 ÷ 303) = ಸುಮಾರು 82

ಈಗ ಮಿಲ್‌ನವರ ಪ್ರಶ್ನೆಗೆ ಬರೋಣ. ಮಂಡ್ಯದ ಮಿಲ್ಲಿನ ಕಲರ್ ಸಾರ್ಟರ್‌ಗೆ 2,000 ಎನ್‌ಎಲ್‌ಪಿಎಂ ಗಾಳಿ ಬೇಕು ಎಂದುಕೊಳ್ಳಿ. ಫೋನಿನ ಉತ್ತರ: 2,000 ÷ 28.32, ಅಂದರೆ 71 ಸಿಎಫ್‌ಎಂ. ಅದನ್ನೇ ನಂಬಿ ಕಂಪ್ರೆಸರ್ ತಂದರೆ ಸುಗ್ಗಿಯ ಹೊತ್ತಿನಲ್ಲಿ ಪ್ರೆಷರ್ ಇಳಿಯುತ್ತದೆ. ಎಜೆಕ್ಟರ್‌ನ ಗಾಳಿಯ ಹೊಡೆತ ಸಾಲದೆ ಕಪ್ಪು ಕಾಳು ಒಳ್ಳೆಯ ಅಕ್ಕಿಯ ಜೊತೆಗೇ ಉಳಿಯುತ್ತದೆ. ಸರಿಯಾದ ಲೆಕ್ಕಕ್ಕೆ ಸೂತ್ರವನ್ನು ತಿರುವಿ ಹಾಕಬೇಕು, ಶೆಡ್ಡಿನೊಳಗೆ 32 ಡಿಗ್ರಿ ಹಿಡಿದು:

2,000 × (1.013 ÷ 0.935) × (305 ÷ 273) = ಸುಮಾರು 2,420 ಎಲ್‌ಪಿಎಂ = 85 ಸಿಎಫ್‌ಎಂ ಎಫ್‌ಎಡಿ

ಲೀಕು, ಡ್ರೈಯರ್, ಮುಂದೆ ಸೇರಿಸುವ ಇನ್ನೊಂದು ಯಂತ್ರ ಇವಕ್ಕೆಲ್ಲ ಇದರ ಮೇಲೆ ಇನ್ನಷ್ಟು ಬೇಕು. ಬ್ರೋಷರ್‌ನಲ್ಲಿ 'ಎನ್' ಇಲ್ಲದೆ ಬರೀ ಎಲ್‌ಪಿಎಂ ಎಂದಿದ್ದರೆ ಯಾವ ಪ್ರೆಷರ್, ಯಾವ ಶಾಖದ ಲೀಟರ್ ಎಂದು ಕಂಪನಿಯವರಿಂದ ಬರವಣಿಗೆಯಲ್ಲಿ ಕೇಳಿ. ಉತ್ತರ ಬರುವವರೆಗೆ ನಾರ್ಮಲ್ ಎಂದೇ ಹಿಡಿಯುವುದು ಕ್ಷೇಮ. ಅವರದು ಹೊರಗಿನ ಗಾಳಿಯ ಲೀಟರ್ ಆಗಿದ್ದರೆ ಕಂಪ್ರೆಸರ್ ಸ್ವಲ್ಪ ದೊಡ್ಡದಾಗುತ್ತದೆ, ಕೊರತೆ ಬೀಳುವುದಿಲ್ಲ. ಲೈನ್ ಪ್ರೆಷರ್‌ನ ಲೀಟರ್ ಆಗಿದ್ದರೆ ಮಾತ್ರ ಇದೂ ಸಾಲದು, ಅದಕ್ಕೇ ಕೇಳುವುದನ್ನು ಬಿಡಬೇಡಿ.

7. ನಾರ್ಮಲ್ ಮತ್ತು ಸ್ಟ್ಯಾಂಡರ್ಡ್ ಒಂದೇ ಅಲ್ಲ

ನಾರ್ಮಲ್ ಸಾಮಾನ್ಯವಾಗಿ 0 ಡಿಗ್ರಿ. ಸ್ಟ್ಯಾಂಡರ್ಡ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ನಮ್ಮ ದೇಶದ ನೈಸರ್ಗಿಕ ಅನಿಲದ ವ್ಯವಹಾರದಲ್ಲಿ ಎಸ್‌ಸಿಎಂ ಎಂದರೆ 15 ಡಿಗ್ರಿ, 1.013 ಬಾರ್. ಅಮೆರಿಕದ ಎಸ್‌ಸಿಎಫ್‌ಎಂ ಗ್ಯಾಸ್ ಉದ್ಯಮದಲ್ಲಿ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 15.6 ಸೆಲ್ಸಿಯಸ್. ಕಂಪ್ರೆಸ್ಡ್ ಏರ್‌ನವರು 20 ಡಿಗ್ರಿ, 1 ಬಾರ್ ಬಳಸುತ್ತಾರೆ.

1 ಎನ್‌ಎಂ ಕ್ಯೂಬ್ = 1.055 ಎಸ್‌ಸಿಎಂ (15 ಡಿಗ್ರಿ)
1 ಎಸ್‌ಸಿಎಫ್‌ಎಂ (60 ಫ್ಯಾರನ್‌ಹೀಟ್) = ಗಂಟೆಗೆ 1.61 ಎನ್‌ಎಂ ಕ್ಯೂಬ್

ಐದೂವರೆ ಪರ್ಸೆಂಟ್ ಏನು ಮಹಾ ಎನ್ನಬೇಡಿ. ತಿಂಗಳಿಗೆ ಲಕ್ಷಗಟ್ಟಲೆ ಗ್ಯಾಸ್ ಬಿಲ್ ಕಟ್ಟುವ ಫ್ಯಾಕ್ಟರಿಗೆ ಅದು ಒಬ್ಬಿಬ್ಬರ ಸಂಬಳ.

8. ಮನೆಯ ಪೈಪ್ ಗ್ಯಾಸ್ ಮೀಟರ್

ಅಡುಗೆಮನೆ ಹೊರಗಿನ ಮೀಟರಿನಲ್ಲಿ ಕಪ್ಪು ಅಂಕಿಗಳ ನಂತರ ಕೆಂಪು ಚೌಕದೊಳಗೆ ಮೂರು ಅಂಕಿ ಇರುತ್ತವೆ. ಕಪ್ಪು ಅಂಕಿ ಪೂರ್ತಿ ಘನ ಮೀಟರ್. ಕೆಂಪು ಅಂಕಿ ದಶಾಂಶ, ಅಂದರೆ ಲೀಟರ್. ರೀಡಿಂಗ್ ಕಳಿಸುವಾಗ ಕೆಂಪು ಅಂಕಿಗಳನ್ನೂ ಸೇರಿಸಿ ಒಂದೇ ಸಂಖ್ಯೆಯಾಗಿ ಬರೆದರೆ ಬಳಕೆ ಸಾವಿರ ಪಟ್ಟಾಗಿಬಿಡುತ್ತದೆ.

ಈ ಮೀಟರ್ ಅಳೆಯುವುದು ಇದ್ದಹಾಗೆ ಜಾಗವನ್ನು. ಬಿಲ್ ಬರುವುದು ಎಸ್‌ಸಿಎಂನಲ್ಲಿ. ಮನೆಯೊಳಗೆ ಗ್ಯಾಸ್ ಸಾಮಾನ್ಯವಾಗಿ 21 ಮಿಲಿಬಾರ್ ಗೇಜ್ ಪ್ರೆಷರ್‌ನಲ್ಲಿ ಬರುತ್ತದೆ. ಮೈಸೂರಿನಲ್ಲಿ, 25 ಡಿಗ್ರಿಯಲ್ಲಿ, ಮೀಟರಿನ ಒಂದು ಘನ ಮೀಟರ್:

(0.925 + 0.021) ÷ 1.013 × 288 ÷ 298 = 0.90 ಎಸ್‌ಸಿಎಂ

ಮೀಟರ್ 10 ತೋರಿಸಿದರೆ ಲೆಕ್ಕದ ಪ್ರಕಾರ 9 ಎಸ್‌ಸಿಎಂ. ನಿಮ್ಮ ಬಿಲ್ಲಿನಲ್ಲಿ 'ಕರೆಕ್ಷನ್ ಫ್ಯಾಕ್ಟರ್' ಎಂಬ ಸಾಲು ಇದೆಯಾ, ಅದರ ಮುಂದೆ ಎಷ್ಟಿದೆ ನೋಡಿ. ಇಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಮೀಟರ್ ರೀಡಿಂಗ್‌ನಿಂದ ಎಸ್‌ಸಿಎಂ ಹೇಗೆ ಹಾಕುತ್ತೀರಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಮೀಟರ್ ಮುಟ್ಟಲು, ಬಿಚ್ಚಲು ಮಾತ್ರ ಹೋಗಬೇಡಿ. ಫ್ಯಾಕ್ಟರಿಗಳಲ್ಲಿ ಈ ಇಳಿಕೆಯನ್ನು ಮೀಟರಿಗೇ ಜೋಡಿಸಿದ ಇವಿಸಿ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುತ್ತದೆ. ಅಲ್ಲಿ ಎರಡು ಅಂಕಿ ಕಾಣುತ್ತವೆ, ಒಂದು ಇದ್ದಹಾಗೆ, ಇನ್ನೊಂದು ಇಳಿಸಿದ್ದು. ಬಿಲ್ಲಿಗೆ ಎರಡನೆಯದನ್ನು ಹೋಲಿಸಿ.

9. ತೂಕಕ್ಕೆ ಬದಲಾಯಿಸುವುದು

ಒಂದು ಎನ್‌ಎಂ ಕ್ಯೂಬ್‌ನ ತೂಕ ಗೊತ್ತಿದ್ದರೆ ಸಾಕು, ಗುಣಿಸುವುದು ಅಷ್ಟೇ.

ಗಾಳಿ 1.293 ಕೆಜಿ
ನೈಟ್ರೋಜನ್ 1.250
ಆಕ್ಸಿಜನ್ 1.429
ಆರ್ಗಾನ್ 1.784
ಕಾರ್ಬನ್ ಡೈಆಕ್ಸೈಡ್ 1.977
ಮೀಥೇನ್ 0.717

ವೆಲ್ಡಿಂಗ್‌ನವರಿಗೆ ಇದು ದಿನನಿತ್ಯ ಬೇಕು. ಸಿಒಟು ಸಿಲಿಂಡರನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುತ್ತೀರಿ, ಟಾರ್ಚಿಗೆ ಎಲ್‌ಪಿಎಂನಲ್ಲಿ ಬಿಡುತ್ತೀರಿ. ಒಂದು ಕೆಜಿ ಎಂದರೆ 1,000 ÷ 1.977, ಸುಮಾರು 506 ನಾರ್ಮಲ್ ಲೀಟರ್. 30 ಕೆಜಿ ಸಿಲಿಂಡರಿನಿಂದ 15 ಲೀಟರ್‌ನಂತೆ ಬಿಟ್ಟರೆ 1,000 ನಿಮಿಷ ದಾಟುತ್ತದೆ, ಸುಮಾರು 17 ಗಂಟೆ ಟಾರ್ಚ್ ಉರಿದಷ್ಟು. ಅದಕ್ಕಿಂತ ತುಂಬ ಬೇಗ ಖಾಲಿಯಾಗುತ್ತಿದ್ದರೆ ಹೋಸ್ ಜಾಯಿಂಟ್‌ಗೆ ಸೋಪಿನ ನೀರು ಹಚ್ಚಿ ನೋಡಿ. ಸಿಒಟು ಸಿಲಿಂಡರಿನ ಪ್ರೆಷರ್ ಗೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗುವುದಿಲ್ಲ. ಒಳಗೆ ದ್ರವ ಇರುವಷ್ಟು ಹೊತ್ತು ಮುಳ್ಳು ಇದ್ದಲ್ಲೇ ಇರುತ್ತದೆ. ತೂಕವೇ ಗತಿ.

ಆಕ್ಸಿಜನ್ ಹಾಗಲ್ಲ, ಅದು ಒಳಗೂ ಗ್ಯಾಸಾಗಿಯೇ ಇರುತ್ತದೆ. ಜಂಬೋ ಸಿಲಿಂಡರಿನ ಒಳಗಿನ ಜಾಗ ಸುಮಾರು 46.7 ಲೀಟರ್, 150 ಬಾರ್ ತುಂಬಿದರೆ ಗುಣಿಸಿ 7,000 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 700 ನಿಮಿಷ. ಗೇಜ್ 75ಕ್ಕೆ ಇಳಿದರೆ ಅರ್ಧ ಉಳಿದಿದೆ ಎಂದರ್ಥ. ಮನೆಯಲ್ಲಿ ರೋಗಿಗೆ ಬಳಸುವವರು ಕೊನೆಯ ಲೀಟರಿನವರೆಗೆ ಲೆಕ್ಕ ಹಾಕಬೇಡಿ, ಕಾಲು ಭಾಗ ಇರುವಾಗಲೇ ಇನ್ನೊಂದನ್ನು ತರಿಸಿಟ್ಟುಕೊಳ್ಳಿ.

10. ರೋಟಾಮೀಟರ್ ಓದುವಾಗ

ಗಾಜಿನ ಕೊಳವೆಯೊಳಗೆ ಗುಂಡು ಮೇಲೇಳುವ ಮೀಟರೇ ರೋಟಾಮೀಟರ್. ಗುಂಡು ಉರುಟಾಗಿದ್ದರೆ ಅದರ ನಡುಮಧ್ಯದ ಗೆರೆ ಓದಿ. ಬುಗುರಿಯ ಥರ ಇದ್ದರೆ ಮೇಲಿನ ಅಗಲದ ಅಂಚನ್ನು ಓದಿ. ಕಣ್ಣು ಅದೇ ಮಟ್ಟದಲ್ಲಿರಲಿ, ಕೊಳವೆ ನೆಟ್ಟಗಿರಲಿ.

ಇದರ ಗೆರೆಗಳನ್ನು ಒಂದು ಗ್ಯಾಸಿಗೆ ಮಾತ್ರ ಹಾಕಿರುತ್ತಾರೆ. ಗಾಳಿಯದನ್ನು ಆರ್ಗಾನ್‌ಗೆ ಹಾಕಿದರೆ ತೋರಿಸಿದ ಅಂಕಿಯನ್ನು 0.85ರಿಂದ ಗುಣಿಸಿ, ಸಿಒಟುಗೆ ಹಾಕಿದರೆ 0.81ರಿಂದ. ಗಾಳಿಯ ತೂಕವನ್ನು ಆ ಗ್ಯಾಸಿನ ತೂಕದಿಂದ ಭಾಗಿಸಿ ವರ್ಗಮೂಲ ತೆಗೆದರೆ ಈ ಅಂಕಿ ಬರುತ್ತದೆ. 15 ತೋರಿಸುತ್ತಿದ್ದರೂ ಸಿಒಟು ಹೋಗುತ್ತಿರುವುದು 12 ಲೀಟರ್. ವೆಲ್ಡಿಂಗ್‌ನಲ್ಲಿ ಸಣ್ಣ ಸಣ್ಣ ತೂತು ಬೀಳುತ್ತಿದ್ದರೆ ವೈರನ್ನು ಬೈಯುವ ಮೊದಲು ಮೀಟರಿನ ಮೇಲೆ ಯಾವ ಗ್ಯಾಸಿನ ಹೆಸರಿದೆ ನೋಡಿ.

11. ಕೊಟೇಶನ್ ಕೇಳುವಾಗ ಹೀಗೆ ಬರೆಯಿರಿ

"ಗಾಳಿ 2,000 ಎನ್‌ಎಲ್‌ಪಿಎಂ (0 ಡಿಗ್ರಿ ಸೆಲ್ಸಿಯಸ್, 1.013 ಬಾರ್ ಅಬ್ಸಲ್ಯೂಟ್). ಲೈನ್ ಪ್ರೆಷರ್ 7 ಕೆಜಿ ಗೇಜ್. ಸ್ಥಳ ಮಂಡ್ಯ, ಎತ್ತರ 680 ಮೀಟರ್, ಶೆಡ್ಡಿನ ಶಾಖ ಗರಿಷ್ಠ 40 ಡಿಗ್ರಿ. ನಿಮ್ಮ ಯಂತ್ರದ ಎಫ್‌ಎಡಿಯನ್ನು ಈ ಸ್ಥಳಕ್ಕೆ ಲೆಕ್ಕ ಹಾಕಿ ತಿಳಿಸಿ."

ಶಾಖದ ಜಾಗದಲ್ಲಿ ಬೇಸಿಗೆಯ ಅಂಕಿಯನ್ನೇ ಕೊಡಿ, ತಗಡಿನ ಶೆಡ್ಡಿನೊಳಗೆ ಏಪ್ರಿಲ್‌ನಲ್ಲಿ ಅಷ್ಟು ಸುಲಭವಾಗಿ ಏರುತ್ತದೆ. ಎರಡು ಮೂರು ಕಡೆಯಿಂದ ಉತ್ತರ ತರಿಸಿ. ಎತ್ತರ, ಶಾಖದ ಸಾಲಿಗೆ ಉತ್ತರವನ್ನೇ ಬರೆಯದೆ ಬರೀ ಎಚ್‌ಪಿ ಮತ್ತು ರೇಟು ಕಳಿಸಿದವರಿಗೆ ಅದೇ ಪತ್ರವನ್ನು ಇನ್ನೊಮ್ಮೆ ಕಳಿಸಿ, ಅಡ್ವಾನ್ಸ್ ಕೊಡುವುದು ಆಮೇಲೆ.